ನಾಟಕದಲ್ಲಿ ಸ್ನೈಪರ್ ಪಾತ್ರ ಉಂಟು, ನಿಜದಲ್ಲಿ ಅವರು ಎಂತ ಮಾಡೋದು? ಗೊತ್ತಿದ್ದವರು ಹೇಳಿ

ರಂಗ_ಕಡಿಯಾಳಿ
ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯ ಒಂದು ಸಣ್ಣ ಹವ್ಯಾಸಿ ತಂಡ, ಈ ಸಲ ಏಕಾಂಕ ಸ್ಪರ್ಧೆಗೆ ಯುದ್ಧದ ಕಥೆ ತೆಗೊಂಡಿದ್ದೇವೆ, 1942ರ ಸ್ಟಾಲಿನ್‌ಗ್ರಾಡ್, ಮುಖ್ಯ ಪಾತ್ರ ಒಬ್ಬ ಸೋವಿಯತ್ ಸ್ನೈಪರ್, ಅಂದ್ರೆ ಅಡಗಿ ಕೂತು ದೂರದಿಂದ ಗುರಿಯಿಟ್ಟು ಹೊಡೆಯುವ ಸೈನಿಕ. ಸ್ಕ್ರಿಪ್ಟ್ ಬರೆದದ್ದು ನಮ್ಮ ಹಿರಿಯರೊಬ್ಬರು, ಪೌರಾಣಿಕ ಪ್ರಸಂಗ ಬರೆದು ಕೈ ಪಳಗಿದವರು, ಹಾಗಾಗಿ ಸ್ನೈಪರ್ ಕೂಡ ಸ್ವಲ್ಪ ಅರ್ಜುನನ ಟೈಪ್ ಆಗಿದ್ದಾನೆ. ಒಬ್ಬನೇ ಬರ್ತಾನೆ, ಕಿಟಕಿಯಿಂದ ರೈಫಲ್ ಹೊರಗೆ ಚಾಚ್ತಾನೆ, ಎರಡು ನಿಮಿಷ ಉಸಿರು ಕಟ್ತಾನೆ (ಹಿನ್ನೆಲೆಯಲ್ಲಿ ಚೆಂಡೆ ಬೇರೆ), ಧಡ್ ಅಂತ ಶಬ್ದ, ಆಮೇಲೆ ದೂರದಲ್ಲಿ ಒಬ್ಬ ಬೀಳ್ತಾನೆ, ಇವನು ಎದ್ದು ನಿಂತು ರೈಫಲಿನ ಮರಕ್ಕೆ ಒಂದು ಗೀರು ಹಾಕಿ ಒಂದು ಪುಟ ಡೈಲಾಗ್ ಹೇಳ್ತಾನೆ. ಕೊನೆಗೆ ಜರ್ಮನ್ ಸ್ನೈಪರ್ ಜೊತೆ ಒಬ್ಬರಿಗೊಬ್ಬರು ಕಾದಾಟ.

ನನಗೆ ಎಲ್ಲೋ ಸರಿ ಇಲ್ಲ ಅನಿಸ್ತಾ ಉಂಟು, ಆದ್ರೆ ಎಲ್ಲಿ ಅಂತ ಹೇಳ್ಲಿಕ್ಕೆ ಬರೋದಿಲ್ಲ, ಹಿರಿಯರ ಹತ್ರ ಸುಮ್ಮನೆ ಸರಿ ಇಲ್ಲ ಅಂದ್ರೆ ಕೇಳೋದಿಲ್ಲ. ಮತ್ತೊಂದು, ನಮ್ಮ ತಂಡದ ಹುಡುಗಿಯೊಬ್ಬಳು ಆ ಪಾರ್ಟ್ ನಾನೇ ಮಾಡ್ತೇನೆ ಅಂತ ಹಠ ಹಿಡಿದಿದ್ದಾಳೆ. ಆ ಕಾಲದಲ್ಲಿ ಹೆಂಗಸರು ಇದ್ರಾ? ಸೈನ್ಯದಲ್ಲಿ ಇದ್ದವರು, ಓದಿದವರು ಯಾರಾದ್ರೂ ಹೇಳಿ ಪ್ಲೀಸ್.

ಅಡಿಕೆ_ತೋಟ_ಸುಳ್ಯ
ಎರಡು ನಿಮಿಷ ಉಸಿರು ಕಟ್ಟಿದ್ರೆ ಮೊದಲು ಬೀಳೋದು ನಿಮ್ಮ ಹೀರೋ ಮಾರಾಯ್ರೆ 😂

ನಾನು ಸೈನ್ಯದವ ಅಲ್ಲ, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಒಂದು ಕೋವಿ ಉಂಟು ಮನೆಯಲ್ಲಿ, ಅಜ್ಜನ ಕಾಲದ್ದು. ಅದು ಕೂಡ ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಕೊಟ್ಟು ಬರ್ಬೇಕು, ಆ ಟೈಮಲ್ಲಿ ಮಂಗಗಳಿಗೆ ಹಬ್ಬ. ನಮ್ಮದರಲ್ಲಿ ಹಾರೋದು ಚರೆ, ರೈಫಲಿನ ಹಾಗೆ ಒಂದೇ ಗುಂಡು ಅಲ್ಲ, ಹಾಗಾಗಿ ದೂರದ ಗುರಿ ಎಲ್ಲ ನನಗೆ ಗೊತ್ತಿಲ್ಲ. ಆದ್ರೆ ಒಂದು ಹೇಳ್ತೇನೆ, ಬರೀ ಹೆದರಿಸ್ಲಿಕ್ಕೆ ಈಡು ಬಿಡೋದಾದ್ರೂ ಕೋವಿಯ ನಳಿಗೆ ಗಿಡದ ಮರೆಯಿಂದ ಒಂದು ಗೇಣು ಹೊರಗೆ ಬಂದ್ರೆ ಸಾಕು, ಮಂಗನಿಗೆ ಗೊತ್ತಾಗ್ತದೆ, ಇಡೀ ಹಿಂಡು ಪಕ್ಕದವರ ತೋಟಕ್ಕೆ. ಮಂಗನಿಗೇ ಇಷ್ಟು ಬುದ್ಧಿ ಇದ್ರೆ ಜರ್ಮನ್ ಸೈನಿಕನಿಗೆ ಇರೋದಿಲ್ವಾ, ಆ ಕಿಟಕಿ ಸೀನು ತೆಗೀರಿ ಮೊದಲು.

ಮಾಜಿ_ಫೌಜಿ_ಕಾರ್ಕಳ
ನಾನು ಸ್ನೈಪರ್ ಅಲ್ಲ, ಇನ್‌ಫೆಂಟ್ರಿಯಲ್ಲಿ ಇದ್ದವ, ನಮ್ಮ ಬೆಟಾಲಿಯನ್ನಿನ ಸ್ನೈಪರ್‌ಗಳ ಜೊತೆ ಪೋಸ್ಟಿನಲ್ಲಿ ಇದ್ದು ನೋಡಿದ್ದು ಹೇಳ್ತೇನೆ, ಜಾಗದ ಹೆಸರು ಕೇಳ್ಬೇಡಿ.

ಮೊದಲನೇದು, ಒಬ್ಬನೇ ಹೋಗೋದು ಅಂತ ಇಲ್ಲ. ಜೋಡಿ. ಒಬ್ಬ ಹೊಡೆಯುವವ, ಇನ್ನೊಬ್ಬ ಸ್ಪಾಟರ್. ಜನ ಸ್ಪಾಟರ್ ಅಂದ್ರೆ ಹೆಲ್ಪರ್ ಅಂದ್ಕೊಳ್ತಾರೆ, ಹಾಗಲ್ಲ, ಎಷ್ಟೋ ಕಡೆ ಅವನೇ ಸೀನಿಯರ್. ಹೊಡೆಯುವವನ ಕಣ್ಣು ಸ್ಕೋಪಿನ (ರೈಫಲಿನ ಮೇಲಿನ ದುರ್ಬೀನು) ಸಣ್ಣ ವೃತ್ತದ ಒಳಗೆ ಸಿಕ್ಕಿಬಿದ್ದಿರ್ತದೆ, ಗುಂಡು ಹೋದ ಕ್ಷಣ ರೈಫಲ್ ಹಿಂದಕ್ಕೆ ಒದೆಯೋದರಿಂದ ಎಲ್ಲಿ ಬಿತ್ತು ಅಂತ ಅವನಿಗೆ ಎಷ್ಟೋ ಸಲ ಕಾಣೋದೇ ಇಲ್ಲ. ದೂರ ಎಷ್ಟು, ಗಾಳಿ ಎಷ್ಟು, ಗುಂಡು ಎಡಕ್ಕೆ ಹೋಯ್ತಾ ಬಲಕ್ಕೆ ಹೋಯ್ತಾ, ಹಿಂದಿನಿಂದ ಯಾರಾದ್ರೂ ಬರ್ತಾರಾ, ಇದೆಲ್ಲ ನೋಡೋದು ಸ್ಪಾಟರ್. ಸ್ಕೋಪಿನಲ್ಲಿ ತುಂಬ ಹೊತ್ತು ನೋಡಿದ್ರೆ ಕಣ್ಣು ಮಂಜಾಗ್ತದೆ, ಹಾಗಾಗಿ ಅರ್ಧ ಗಂಟೆಗೊಮ್ಮೆ ಅದಲು ಬದಲು ಆಗ್ತಾರೆ. ನಾಟಕದವರಿಗೆ ಇದು ಲಾಭವೇ ಅಲ್ವಾ, ಒಬ್ಬನೇ ಆದ್ರೆ ಸ್ವಗತ ಬರೀಬೇಕು, ಇಬ್ಬರಾದ್ರೆ ಪಿಸುಮಾತಿನ ಸಂಭಾಷಣೆ ಸಿಗ್ತದೆ.

ಎರಡನೇದು ಎಲ್ಲಕ್ಕಿಂತ ದೊಡ್ಡದು, ಅವರ ಮುಖ್ಯ ಕೆಲಸ ಹೊಡೆಯೋದು ಅಲ್ಲ, ನೋಡೋದು. ಬೆಳಿಗ್ಗೆ ಕತ್ತಲೆ ಇರುವಾಗಲೇ ಹೋಗಿ ಮಲಗಿದ್ರೆ ಮತ್ತೆ ಕತ್ತಲೆ ಆದ ಮೇಲೆಯೇ ಏಳೋದು, ಆ ಇಡೀ ದಿನ ಒಂದು ಗುಂಡೂ ಹಾರಿಸದೆ ಬಂದ್ರೂ ಯಾರೂ ವೇಸ್ಟ್ ಅನ್ನೋದಿಲ್ಲ. ಬರೆದುಕೊಂಡು ಬರ್ತಾರೆ. ಎದುರಿನ ಬಂಕರಿನಲ್ಲಿ ಎಷ್ಟು ಗಂಟೆಗೆ ಹೊಗೆ ಬಂತು, ನಿನ್ನೆ ಇಲ್ಲದ ಹಸಿ ಮಣ್ಣು ಇವತ್ತು ಎಲ್ಲಿ ಬಿದ್ದಿದೆ, ಯಾರು ಬಂದಾಗ ಉಳಿದವರು ಎದ್ದು ನಿಲ್ತಾರೆ, ಯಾರ ಕೈಯಲ್ಲಿ ಬೈನಾಕ್ಯುಲರ್ ಉಂಟು, ಯಾರ ಪಕ್ಕ ಯಾವಾಗಲೂ ಆಂಟೆನಾದವ ಇರ್ತಾನೆ. ಅವನು ಆಫೀಸರ್ ಅಂತ ಯೂನಿಫಾರ್ಮ್ ನೋಡಿ ಅಲ್ಲ, ಉಳಿದವರ ನಡವಳಿಕೆ ನೋಡಿ ಗೊತ್ತಾಗೋದು. ಈ ಡೈರಿಯ ಮೇಲೆ ಆರ್ಟಿಲರಿಯವರು, ಪ್ಯಾಟ್ರೋಲಿನವರು ಪ್ಲಾನ್ ಮಾಡ್ತಾರೆ, ಕೆಲವು ಸಲ ಒಂದು ಪುಟ ಡೈರಿ ಹತ್ತು ಗುಂಡಿಗಿಂತ ಹೆಚ್ಚು ಕೆಲಸ ಮಾಡ್ತದೆ.

ಆಯ್ಕೆ ಹೇಗೆ ಅಂತ ನೀವು ಕೇಳಲಿಲ್ಲ, ಆದ್ರೂ ಹೇಳ್ತೇನೆ, ಪಾತ್ರ ಮಾಡುವವರಿಗೆ ಬೇಕಾಗ್ತದೆ. ಬೆಟಾಲಿಯನ್ನಿನಲ್ಲಿ ಎಲ್ಲಕ್ಕಿಂತ ಒಳ್ಳೆ ಗುರಿಕಾರ ಯಾರೋ ಅವನನ್ನೇ ಕಳಿಸ್ತಾರೆ ಅಂತ ಇಲ್ಲ. ಚಡಪಡಿಸುವವ, ಬೇಗ ಸಿಟ್ಟು ಬರುವವ ಆಗೋದಿಲ್ಲ. ಸಿಗರೇಟಿನವನಿಗೂ ಕಷ್ಟ, ವಾಸನೆ ದೂರ ಹೋಗ್ತದೆ, ಕೆಮ್ಮು ಬೇರೆ. ಕೋರ್ಸು ಮಹೂವಿನ ಇನ್‌ಫೆಂಟ್ರಿ ಸ್ಕೂಲಿನಲ್ಲಿ. ಟ್ರೇನಿಂಗಿನಲ್ಲಿ ಒಂದು ಆಟ ಉಂಟು, ಮೇಜಿನ ಮೇಲೆ ಬಟನ್ನು, ಖಾಲಿ ಕಾಡತೂಸು, ಬೀಗದ ಕೈ, ಹಗ್ಗದ ತುಂಡು ಅಂತ ಏನೇನೋ ಇಟ್ಟು ಸ್ವಲ್ಪ ಹೊತ್ತು ತೋರಿಸಿ ಮುಚ್ಚಿಬಿಡ್ತಾರೆ, ಓಡಾಡಿಸಿ ಸುಸ್ತು ಮಾಡಿಸಿ ಆಮೇಲೆ ಕೇಳ್ತಾರೆ, ಎಂತೆಲ್ಲ ಇತ್ತು ಬರಿ ಅಂತ. ಇನ್ನೊಂದು ಪರೀಕ್ಷೆಯಲ್ಲಿ ಬಯಲಿನ ಆ ತುದಿಯಲ್ಲಿ ಉಸ್ತಾದರು ಬೈನಾಕ್ಯುಲರ್ ಹಿಡಿದು ಕೂತಿರ್ತಾರೆ, ನೀವು ಹೊಟ್ಟೆ ಎಳ್ಕೊಂಡು ಅವರಿಗೆ ಕಾಣದ ಹಾಗೆ ಹತ್ತಿರ ಹೋಗಿ ಖಾಲಿ ಗುಂಡು ಹಾರಿಸಿ, ಹಾರಿಸಿದ ಮೇಲೂ ಸಿಕ್ಕಿಬೀಳಬಾರದು. ಅಲ್ಲಿ ಶೂಟಿಂಗಿನಲ್ಲಿ ಫಸ್ಟ್ ಬಂದವರೇ ಫೇಲ್ ಆಗ್ತಾರೆ ಕೆಲವು ಸಲ.

ಕಿಟಕಿ ಬಗ್ಗೆ ಸುಳ್ಯದವರು ಸರಿಯಾಗಿ ಹೇಳಿದ್ದಾರೆ. ಕಟ್ಟಡದ ಒಳಗೆ ಆದ್ರೆ ಕಿಟಕಿಯ ಹತ್ರ ಬರೋದೇ ಇಲ್ಲ, ಕೋಣೆಯ ಹಿಂದಿನ ಗೋಡೆಯ ಹತ್ರ ಕತ್ತಲೆಯಲ್ಲಿ ಮೇಜಿನ ಮೇಲೆ ಮಲಗಿ ಕಿಟಕಿಯ ಮೂಲಕ ಹೊರಗೆ ನೋಡೋದು, ಮುಂದೆ ತೆಳು ಬಟ್ಟೆ ಇಳಿಬಿಟ್ಟಿರ್ತಾರೆ. ಗುಂಡು ಹಾರಿದಾಗ ನಳಿಗೆಯ ಬಾಯಿಯ ಹತ್ರ ಧೂಳು ಏಳ್ತದೆ, ಅದು ಏಳದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸ್ತಾರೆ.

ಉಸಿರು: ಕಟ್ಟೋದು ಅಲ್ಲ. ಉಸಿರು ಬಿಟ್ಟ ಮೇಲೆ ಮುಂದಿನದು ತೆಗೆಯುವ ಮೊದಲು ಶರೀರ ತಾನಾಗಿಯೇ ಒಂದೆರಡು ಸೆಕೆಂಡು ಸುಮ್ಮನಿರ್ತದೆ, ಆ ಬಿಡುವನ್ನು ಸ್ವಲ್ಪ ಎಳೆದು ಅದರ ಒಳಗೆ ಟ್ರಿಗರ್ ಒತ್ತೋದು. ತುಂಬ ಎಳೆದ್ರೆ ಎದೆ ಹೊಡ್ಕೊಳ್ಳಿಕ್ಕೆ ಶುರುವಾಗ್ತದೆ, ಕಣ್ಣು ಕೂಡ ಮೊಬ್ಬಾಗ್ತದೆ, ಆಗ ಬಿಟ್ಟು ಮತ್ತೆ ಮೊದಲಿನಿಂದ. ಹೊಡೆದ ಮೇಲೆ ಎದ್ದು ನಿಂತು ಡೈಲಾಗ್ ಹೇಳಿದ್ರೆ ಮಾತ್ರ ಪ್ರೇಕ್ಷಕರಲ್ಲಿ ಕೂತ ನಮ್ಮಂಥವರು ನಗ್ತೇವೆ ಖಂಡಿತ. ಹೊಡೆದ ಕ್ಷಣವೇ ಅವನ ಜೀವಕ್ಕೆ ಹೆಚ್ಚು ಅಪಾಯ, ಅಲ್ಲಿಗೆ ಮೋರ್ಟಾರ್ ಬೀಳ್ತದೆ, ಒಂದೋ ಕಲ್ಲಿನ ಹಾಗೆ ಅಲುಗದೆ ಇರ್ಬೇಕು, ಇಲ್ಲ ಮೊದಲೇ ನೋಡಿಟ್ಟ ದಾರಿಯಲ್ಲಿ ಹಿಂದೆ ಜಾರ್ಬೇಕು.

ಸುರತ್ಕಲ್_ಸ್ಕ್ವಾಡ್
ಗೇಮಿನಲ್ಲಿ ನಾನು 800 ಮೀಟರ್ ಹೆಡ್‌ಶಾಟ್ ದಿನಾ ಹೊಡೀತೇನೆ 😎 ಅಷ್ಟು ಕಷ್ಟ ಎಂತ ಉಂಟು ಅದರಲ್ಲಿ? ಮತ್ತೆ ನಮ್ಮ ಮಂಗ್ಳೂರಿನ ಸೆಕೆಗೆ ಗಾಳಿ ದಪ್ಪ ಅಲ್ವಾ, ಇಲ್ಲಿ ಗುಂಡು ಸ್ಲೋ ಆಗ್ಬೇಕು.

ಫಿಸಿಕ್ಸ್_ಮೇಷ್ಟ್ರು_ಮುಲ್ಕಿ
@ಸುರತ್ಕಲ್_ಸ್ಕ್ವಾಡ್ ತಲೆಕೆಳಗು. ನೀರಾವಿಯ ಅಣು ನೈಟ್ರೋಜನ್, ಆಕ್ಸಿಜನ್‌ಗಿಂತ ಹಗುರ, ಹಾಗಾಗಿ ತೇವ ಇರುವ ಗಾಳಿ ಒಣ ಗಾಳಿಗಿಂತ ಒಂಚೂರು ಹಗುರವೇ, ಬೆವರು ಸುರಿಯೋದು ನಮಗೆ, ಗುಂಡಿಗೆ ಅದು ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕೆ ಬರೋದು ಚಳಿ ಮತ್ತು ಎತ್ತರ. ಚಳಿಗೆ ಗಾಳಿ ದಟ್ಟ, ಮದ್ದು ಕೂಡ ನಿಧಾನ ಉರೀತದೆ, ಗುಂಡು ಕೆಳಗೆ ಬೀಳ್ತದೆ. ಎತ್ತರದ ಬೆಟ್ಟದಲ್ಲಿ ಗಾಳಿ ತೆಳು, ಗುಂಡು ಮೇಲೆ ಹೋಗ್ತದೆ. ಬಯಲಲ್ಲಿ ಸೆಟ್ ಮಾಡಿದ ರೈಫಲನ್ನು ಲಡಾಖಿನಲ್ಲಿ ಹಾಗೇ ಹಿಡಿದ್ರೆ ಆಗೋದಿಲ್ಲ.

ಕಷ್ಟ ಎಂತದು ಅಂದ್ರೆ, ಸಾಮಾನ್ಯ 7.62 ಮಿಲಿಮೀಟರಿನ ರೈಫಲ್ ಗುಂಡು 100 ಮೀಟರಿಗೆ ಸರಿ ಮಾಡಿದ್ದು 600 ಮೀಟರ್ ಹೋಗುವಷ್ಟರಲ್ಲಿ ಎರಡೂವರೆ ಮೀಟರಿಗೂ ಹೆಚ್ಚು ಕೆಳಗೆ ಇಳಿದಿರ್ತದೆ. ಅದಾದ್ರೂ ಪಟ್ಟಿ ನೋಡಿ ಸ್ಕೋಪಿನ ತಿರುಪು ತಿರುಗಿಸಿ ಸರಿ ಮಾಡ್ಬಹುದು. ಗಾಳಿಗೆ ಪಟ್ಟಿ ಇಲ್ಲ. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಅದೇ ದೂರದಲ್ಲಿ ಗುಂಡನ್ನು ಮುಕ್ಕಾಲು ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ತದೆ, ಅಂದ್ರೆ ಮನುಷ್ಯ ಪೂರಾ ತಪ್ಪಿತು. ಅದೂ ಇಡೀ ದಾರಿಯಲ್ಲಿ ಒಂದೇ ಗಾಳಿ ಇರೋದಿಲ್ಲ, ಒಂದು ಮಧ್ಯಾಹ್ನ ಪಣಂಬೂರಿಗೆ ಹೋಗಿ ನೋಡಿ, ನೀರಿನ ಹತ್ರ ಬಾವುಟ ಪಟಪಟ ಅಂತ ಇರ್ತದೆ, ಹಿಂದೆ ಗಾಳಿಮರದ ತೋಪಿನ ಮರೆಯಲ್ಲಿ ಪ್ಲಾಸ್ಟಿಕ್ ಚೀಲ ಕೂಡ ಅಲುಗೋದಿಲ್ಲ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ನಿಂತು ಸ್ವರ್ಣಾ ನದಿ ಕಡೆ ನೋಡಿದ್ರೆ ಅದರ ಮೇಲೆ ಇಳಿಜಾರು ಬೇರೆ, 45 ಡಿಗ್ರಿ ಕೆಳಗೆ 500 ಮೀಟರ್ ಅಂದ್ರೆ ಗುಂಡಿನ ಇಳಿತಕ್ಕೆ ಲೆಕ್ಕ ಹಿಡಿಯೋದು ಸುಮಾರು 350 ಮೀಟರಿಗೆ ಮಾತ್ರ, 500ಕ್ಕೆ ಅಂತ ಹಿಡಿದವನ ಗುಂಡು ತಲೆಯ ಮೇಲಿಂದ ಹೋಗ್ತದೆ. ಗೇಮಿನಲ್ಲಿ ಇದನ್ನೆಲ್ಲ ಕಂಪನಿಯವರು ನಿಮಗೋಸ್ಕರ ಮಾಫಿ ಮಾಡಿದ್ದಾರೆ.

@ರಂಗ_ಕಡಿಯಾಳಿ ನಿಮಗೆ ಶಬ್ದದ ವಿಷಯ. ಪುತ್ತೂರು ಜಾತ್ರೆಯ ಬೆಡಿ (ಸಿಡಿಮದ್ದು) ದೂರದಿಂದ ನೋಡಿದ್ದೀರಲ್ಲ, ಬೆಳಕು ಮೊದಲು, ಶಬ್ದ ಆಮೇಲೆ. ಇಲ್ಲೂ ಅದೇ, ಆದ್ರೆ ಬೆಳಕಿನ ಜಾಗದಲ್ಲಿ ಗುಂಡು. 400 ಮೀಟರ್ ದೂರ ಅಂತ ಇಟ್ಕೊಳ್ಳಿ, ರೈಫಲ್ ಗುಂಡು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿಯಲ್ಲಿ ಮುಟ್ತದೆ, ಶಬ್ದ ಮುಟ್ಲಿಕ್ಕೆ ಒಂದು ಸೆಕೆಂಡು ದಾಟ್ತದೆ. ಗುರಿಯ ಹತ್ರ ಇರುವವರಿಗೆ ಎರಡು ಶಬ್ದ ಕೇಳ್ತದೆ, ಗುಂಡು ಹಾದುಹೋದಾಗ ಚಾಟಿ ಬೀಸಿದ ಹಾಗೆ ಛಟ್, ಆಮೇಲೆ ದೂರದಿಂದ ಧಡ್. ಪಳಗಿದ ಸೈನಿಕರು ಈ ಎರಡರ ನಡುವಿನ ಅಂತರ ಕೇಳಿಯೇ ಎಷ್ಟು ದೂರದಿಂದ ಬಂತು ಅಂತ ಅಂದಾಜು ಮಾಡ್ತಾರೆ. ಹಾಗಾಗಿ ನಿಮ್ಮ ಸೀನು ಸತ್ತವನ ಕಡೆಯಿಂದ ತೋರಿಸೋದಾದ್ರೆ ಮನುಷ್ಯ ಮೊದಲು ಬೀಳ್ಬೇಕು, ಧಡ್ ಆಮೇಲೆ ಬರ್ಬೇಕು.

ಓದುಗ_ಕೊಡಿಯಾಲಬೈಲ್
ಇತಿಹಾಸದ ಕಡೆಯಿಂದ ನಾನು ಸ್ವಲ್ಪ ಸೇರಿಸ್ತೇನೆ.

ಹುಡುಗಿಗೆ ಪಾರ್ಟ್ ಕೊಡಿ, ಧೈರ್ಯವಾಗಿ ಕೊಡಿ. ಲ್ಯುಡ್ಮಿಲಾ ಪವ್ಲಿಚೆಂಕೊ ಅಂತ, ಕೀವ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದ್ತಿದ್ದವಳು, ಒಡೆಸ್ಸಾ ಮತ್ತು ಸೆವಾಸ್ತೊಪೋಲ್‌ನಲ್ಲಿ ಹೋರಾಡಿದ್ದು, ಅವಳು ಹೊಡೆದ ಶತ್ರು ಸೈನಿಕರು 309 ಅಂತ ದಾಖಲೆ. 1942ರಲ್ಲಿ ಅಮೆರಿಕಕ್ಕೆ ಪ್ರಚಾರಕ್ಕೆ ಕಳಿಸಿದ್ರು, ಅಲ್ಲಿನ ಪತ್ರಕರ್ತರು ಯುದ್ಧದ ಬಗ್ಗೆ ಕೇಳೋದು ಬಿಟ್ಟು ಯೂನಿಫಾರ್ಮ್ ಚಂದ ಇಲ್ಲ, ಮೇಕಪ್ ಹಾಕ್ತೀರಾ ಅಂತೆಲ್ಲ ಕೇಳಿದ್ರು, ಪಾಪ. ಆಮೇಲೆ 1943ರಲ್ಲಿ ಮಾಸ್ಕೋ ಹತ್ರ ಹೆಂಗಸರಿಗೇ ಅಂತ ಸ್ನೈಪರ್ ಶಾಲೆ ನಡೀತು. ನಮ್ಮಲ್ಲಿ ಕೂಡ 2024ರಲ್ಲಿ ಬಿಎಸ್‌ಎಫ್‌ನ ಸಬ್ ಇನ್‌ಸ್ಪೆಕ್ಟರ್ ಸುಮನ್ ಕುಮಾರಿ, ಹಿಮಾಚಲದವರು, ಇಂದೋರಿನಲ್ಲಿ ಎಂಟು ವಾರದ ಕೋರ್ಸು ಮುಗಿಸಿ ಆ ಪಡೆಯ ಮೊದಲ ಮಹಿಳಾ ಸ್ನೈಪರ್ ಆದ್ರು.

ಸ್ಟಾಲಿನ್‌ಗ್ರಾಡ್ ಅಂದ ಮೇಲೆ ನಿಮ್ಮ ಹೀರೋ ವಾಸಿಲಿ ಜೈತ್ಸೆವ್‌ನನ್ನು ನೋಡಿಯೇ ಬರೆದದ್ದು ಇರ್ಬೇಕು. ಉರಾಲ್ ಕಡೆಯವ, ಸಣ್ಣದರಲ್ಲಿ ಅಜ್ಜನ ಜೊತೆ ಕಾಡಲ್ಲಿ ಬೇಟೆ ಕಲಿತವ, ಆದ್ರೆ ಯುದ್ಧದ ಮೊದಲು ವ್ಲಾದಿವೊಸ್ಟೋಕ್‌ನಲ್ಲಿ ನೌಕಾಪಡೆಯ ಗುಮಾಸ್ತ! 1942ರ ನವೆಂಬರ್ 10ರಿಂದ ಡಿಸೆಂಬರ್ 17ರ ಒಳಗೆ 225 ಅಂತ ಅವನ ಲೆಕ್ಕ. ನನಗೆ ಅದಕ್ಕಿಂತ ಮುಖ್ಯ ಅನಿಸೋದು ಅವನು ಮಾಡಿದ ಪದ್ಧತಿ, ಹಾಳುಬಿದ್ದ ಕಾರ್ಖಾನೆಗಳ ಒಳಗೇ ಹೊಸಬರಿಗೆ ಪಾಠ, ಆಮೇಲೆ ಒಂದೇ ಜಾಗದ ಮೇಲೆ ಮೂರು ಜೋಡಿ ಅಂದ್ರೆ ಆರು ಜನ ಮೂರು ಕಡೆಯಿಂದ ಕಣ್ಣಿಡೋದು. ಒಂಟಿ ವೀರ ಅಂತ ತೋರಿಸುವವರು ಇದನ್ನು ಬಿಟ್ಟೇ ಬಿಡ್ತಾರೆ. ಕೊನೆಯ ದ್ವಂದ್ವಯುದ್ಧ ಉಂಟಲ್ಲ, ಬರ್ಲಿನ್‌ನಿಂದ ಅವನನ್ನು ಮುಗಿಸ್ಲಿಕ್ಕೆ ಅಂತಲೇ ಬಂದ ಜರ್ಮನ್ ಮೇಜರ್, ಜೈತ್ಸೆವ್ ಹೇಳಿದ್ದು ಹೌದು, ಆದ್ರೆ ಜರ್ಮನ್ ದಾಖಲೆಗಳಲ್ಲಿ ಅಂಥ ಮೇಜರ್ ಸಿಗೋದಿಲ್ಲ. ಕಥೆ ಅಂತ ಇಟ್ಕೊಳ್ಳಿ, ತಪ್ಪಿಲ್ಲ, ಸತ್ಯ ಘಟನೆ ಅಂತ ಬೋರ್ಡ್ ಮಾತ್ರ ಹಾಕ್ಬೇಡಿ.

ಹೆಲ್ಮೆಟ್ ಕೋಲಿಗೆ ಸಿಕ್ಕಿಸಿ ಎತ್ತೋದು ಹಳಸಲು ಉಪಾಯ, ಪಳಗಿದವ ಅದಕ್ಕೆ ಹೊಡೆಯೋದಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಾಡಿದ್ದು ಇನ್ನೂ ಚಂದ ಉಂಟು, ನಿಮ್ಮ ತಂಡದಲ್ಲಿ ಮುಖವಾಡ ಮಾಡುವವರು ಇದ್ರೆ ಸ್ಟೇಜಿಗೆ ಹೇಳಿ ಮಾಡಿಸಿದ್ದು. ಕಾಗದದ ರದ್ದಿಯಲ್ಲಿ ಮನುಷ್ಯನ ತಲೆ ಮಾಡಿ ಬಣ್ಣ ಹಚ್ಚಿ ಕಂದಕದಿಂದ ಮೆಲ್ಲ ಎತ್ತೋದು, ಬಾಯಿಗೆ ಸಿಗರೇಟು ಇಟ್ಟು ಕೆಳಗಿನಿಂದ ರಬ್ಬರ್ ಕೊಳವೆಯಲ್ಲಿ ಒಬ್ಬ ಎಳೆಯೋದು, ಹೊಗೆ ಬರ್ತದೆ. ಜರ್ಮನ್ ಸ್ನೈಪರ್ ಹೊಡೆದ ಕೂಡಲೇ ತಲೆಯ ಮುಂದೆ ಒಂದು ತೂತು, ಹಿಂದೆ ಒಂದು ತೂತು. ಆಮೇಲೆ ಆ ಎರಡು ತೂತಿನ ಗೆರೆಯಲ್ಲಿ ಪೆರಿಸ್ಕೋಪ್ (ತಲೆ ಎತ್ತದೆ ನೋಡುವ ಕನ್ನಡಿ ಕೊಳವೆ) ಇಟ್ಟು ನೋಡಿದ್ರೆ ಗುಂಡು ಬಂದ ಜಾಗ ನೇರ ಸಿಗ್ತದೆ.

ಗೀರು ಹಾಕೋದು ಬೇಡ. ಸೆರೆ ಸಿಕ್ಕ ಸ್ನೈಪರನ್ನು ಎದುರು ಕಡೆಯವರು ಎಷ್ಟೋ ಸಲ ಅಲ್ಲೇ ಮುಗಿಸ್ತಿದ್ರು, ಕಾನೂನು ಪ್ರಕಾರ ಅವನೂ ಉಳಿದವರ ಹಾಗೆ ಸೈನಿಕನೇ ಆದ್ರೂ. ಅಂಥದ್ದರಲ್ಲಿ ಲೆಕ್ಕ ಕೆತ್ತಿದ ರೈಫಲ್ ಹಿಡ್ಕೊಂಡು ತಿರುಗೋದು ಅಂದ್ರೆ ಎದುರಿನವರಿಗೆ ತಾನೇ ಸಾಕ್ಷಿ ಕೊಟ್ಟ ಹಾಗೆ. ಜರ್ಮನ್ನರು 1944ರಲ್ಲಿ 20, 40, 60 ಜನರನ್ನು ಹೊಡೆದವರಿಗೆ ಅಂತ ಮೂರು ದರ್ಜೆಯ ಸ್ನೈಪರ್ ಬ್ಯಾಡ್ಜ್ ಮಾಡಿದ್ರು, ಫ್ರಂಟಿನಲ್ಲಿ ಎಷ್ಟೋ ಜನ ಅದನ್ನು ತೋಳಿಗೆ ಹಾಕ್ಲಿಕ್ಕೇ ಹೋಗಲಿಲ್ಲ.

ಕುಂದಾಪ್ರ_ಎಕ್ಸ್‌ಪ್ರೆಸ್
ಹ್ವಾಯ್, ಎಲ್ಲ ಸರಿ, 309, 225 ಅಂತ ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ ಹೇಳ್ತಾ ಇದ್ದೀರಲ್ಲ ಮಾರ್ರೆ. ಒಂದೊಂದು ಒಂದು ಮನೆಯ ಮಗ ಅಲ್ದಾ? ಯುದ್ಧದ ಟೈಮಲ್ಲಿ ಸರ್ಕಾರದವರು ಪೇಪರಿಗೆ ಕೊಟ್ಟ ಲೆಕ್ಕ ಎಷ್ಟು ನಂಬೋದು ಅಂತ ಬೇರೆ. ಮತ್ತೆ ಅಡಗಿ ಕೂತು ಹೊಡೆಯೋದು, ಅದರಲ್ಲಿ ಶೌರ್ಯ ಎಂತದ್ದು?

ಓದುಗ_ಕೊಡಿಯಾಲಬೈಲ್
ಲೆಕ್ಕದ ಬಗ್ಗೆ ನಿಮ್ಮ ಅನುಮಾನ ನನಗೂ ಉಂಟು, ಪ್ರಚಾರಕ್ಕೆ ಹೀರೋಗಳು ಬೇಕಿದ್ರು, ಎಲ್ಲ ಸಂಖ್ಯೆಯನ್ನೂ ಪೂರಾ ನಂಬದೆ ಸ್ವಲ್ಪ ಅನುಮಾನದಿಂದಲೇ ತೆಗೊಳ್ಳೋದು ಒಳ್ಳೇದು. ಆದ್ರೆ ಶೌರ್ಯ ಇಲ್ಲ ಅನ್ನೋದು ಒಪ್ಪೋದಿಲ್ಲ. ಫಿನ್ಲೆಂಡಿನ ಸಿಮೊ ಹಾಯ್ಹಾ, ರೈತ, 1939-40ರ ಚಳಿಗಾಲದ ಯುದ್ಧ. ಸ್ಕೋಪ್ ಬೇಡ ಅಂದವ, ಸ್ಕೋಪ್ ಇದ್ರೆ ತಲೆ ಒಂಚೂರು ಮೇಲೆ ಎತ್ಬೇಕು, ಗಾಜು ಮಿನುಗ್ತದೆ, ಚಳಿಗೆ ಮಂಜು ಕಟ್ತದೆ. ಉಸಿರಿನ ಹಬೆ ಕಾಣಬಾರದು ಅಂತ ಬಾಯಲ್ಲಿ ಹಿಮ ಇಟ್ಕೊಳ್ತಿದ್ದ. 1940ರ ಮಾರ್ಚ್ 6ಕ್ಕೆ ದವಡೆಗೆ ಗುಂಡು ಬಿತ್ತು, ಎಚ್ಚರ ಬಂದದ್ದು 13ಕ್ಕೆ, ಅವತ್ತೇ ಯುದ್ಧ ನಿಂತದ್ದು. ಮುಖ ಸೊಟ್ಟ ಆಯ್ತು, ಆದ್ರೆ 2002ರವರೆಗೆ, 96 ವರ್ಷ ಬದುಕಿದ. ಇಷ್ಟು ಚೆನ್ನಾಗಿ ಹೇಗೆ ಕಲಿತದ್ದು ಅಂತ ಕೇಳಿದ್ರೆ ಅಭ್ಯಾಸ ಅಂತ ಒಂದೇ ಮಾತು ಅವನದ್ದು.

ಮಾಜಿ_ಫೌಜಿ_ಕಾರ್ಕಳ
@ಕುಂದಾಪ್ರ_ಎಕ್ಸ್‌ಪ್ರೆಸ್ ನಿಮ್ಮ ಮೊದಲನೇ ಮಾತು ತಪ್ಪಲ್ಲ. ಫಿರಂಗಿಯವನಿಗೆ ತನ್ನ ಶೆಲ್ ಯಾರ ಮೇಲೆ ಬಿತ್ತು ಕಾಣೋದಿಲ್ಲ. ಸ್ನೈಪರಿಗೆ ಕಾಣ್ತದೆ, ಬೆಳಿಗ್ಗೆಯಿಂದ ಆ ಮನುಷ್ಯ ಹಲ್ಲುಜ್ಜಿದ್ದು, ಚಾ ಕುಡಿದದ್ದು, ಪಕ್ಕದವನ ಜೊತೆ ನಗಾಡಿದ್ದು ಎಲ್ಲ ನೋಡಿರ್ತಾನೆ. ನಮ್ಮಲ್ಲಿ ಒಬ್ಬ ಇದ್ದ, ಎಷ್ಟು ಅಂತ ಯಾರಾದ್ರೂ ಕೇಳಿದ್ರೆ ಮಾತು ಬದಲಿಸ್ತಿದ್ದ, ಊರಿನ ಗದ್ದೆ ಬಗ್ಗೆ ಶುರು ಮಾಡ್ತಿದ್ದ. ಕೆಲವರು ಊರಿಗೆ ಬಂದ ಮೇಲೆ ನಿದ್ದೆ ಇಲ್ಲದೆ ಒದ್ದಾಡ್ತಾರೆ, ಕೆಲವರಿಗೆ ಎಂತದ್ದೂ ಆಗೋದಿಲ್ಲ, ಒಂದೇ ರೀತಿ ಇಲ್ಲ. ಅಡಗಿ ಕೂತದ್ದು ಅಂತ ನೀವು ಹೇಳ್ತೀರಿ, ಆದ್ರೆ ಅವನು ಅಡಗಿದ ಜಾಗ ಎಷ್ಟೋ ಸಲ ನಮ್ಮ ಲೈನಿನಿಂದ ಮುಂದೆ, ಹಿಂದೆ ಸಹಾಯಕ್ಕೆ ಯಾರೂ ಇಲ್ಲ, ಮೂತ್ರಕ್ಕೆ ಬಾಟ್ಲಿ, ಇರುವೆ ಕಚ್ಚಿದ್ರೂ ಕೈ ಎತ್ತೋ ಹಾಗಿಲ್ಲ. ಅದನ್ನು ಏನಂತ ಕರೀಬೇಕೋ ನೀವೇ ಹೇಳಿ.

ರಂಗ_ಕಡಿಯಾಳಿ
ಎಲ್ಲರಿಗೂ ತುಂಬ ಥ್ಯಾಂಕ್ಸ್, ಇಷ್ಟು ಸಿಗ್ತದೆ ಅಂತ ಅಂದ್ಕೊಂಡಿರಲಿಲ್ಲ. ಹಿರಿಯರಿಗೆ ಪೂರಾ ಓದಿ ಹೇಳಿದೆ, ಗೀರು ಮತ್ತು ಕಿಟಕಿ ಬಿಟ್ಟುಕೊಟ್ರು, ದ್ವಂದ್ವಯುದ್ಧ ಮಾತ್ರ ಬಿಡೋದಿಲ್ಲ ಅಂತೆ, ಇರಲಿ. ಸ್ಪಾಟರ್ ಪಾತ್ರ ಹೊಸದಾಗಿ ಸೇರಿಸ್ತಾ ಇದ್ದಾರೆ, ರೈಫಲ್ ಹುಡುಗಿಗೆ. ಗಾಳಿ ಹೇಳುವ ಸೀನು ನಾನೇ ಬರೀತೇನೆ. ಇನ್ನು ಒಂದೇ ಪ್ರಶ್ನೆ, ರೈಫಲ್ ನಮ್ಮ ಆಚಾರಿಯವರು ಮರದಲ್ಲಿ ಮಾಡಿ ಕೊಡ್ತಾರೆ, ಫೋಟೋದಲ್ಲಿ ಎರಡು ಥರ ಕಾಣ್ತದೆ, ಒಂದರಲ್ಲಿ ಪಕ್ಕದ ಹಿಡಿ ನೇರ ಚಾಚಿಕೊಂಡು ಉಂಟು, ಇನ್ನೊಂದರಲ್ಲಿ ಕೆಳಗೆ ಬಗ್ಗಿದೆ. ಯಾವುದು ಸರಿ?

ಓದುಗ_ಕೊಡಿಯಾಲಬೈಲ್
ಎರಡೂ ಮೋಸಿನ್ ನಾಗಾಂತ್ ಅನ್ನುವ ಸೋವಿಯತ್ ಸೈನ್ಯದ ರೈಫಲೇ, ಆದ್ರೆ ನಿಮಗೆ ಬೇಕಾದ್ದು ಬಗ್ಗಿದ ಹಿಡಿಯದ್ದು. ನೇರ ಹಿಡಿ ಸಾಮಾನ್ಯ ಸೈನಿಕನ ರೈಫಲಿನದ್ದು, ಮೇಲೆ ಸ್ಕೋಪ್ ಕೂರಿಸಿದ ಮೇಲೆ ಅದನ್ನು ಎತ್ತಿದ್ರೆ ಸ್ಕೋಪಿಗೆ ತಾಗ್ತದೆ, ಹಾಗಾಗಿ ಸ್ನೈಪರ್ ರೈಫಲಿಗೆ ಉದ್ದ ಮಾಡಿ ಕೆಳಗೆ ಬಗ್ಗಿಸಿದ್ರು. ಮತ್ತೆ ಸ್ಕೋಪ್ ಅಡ್ಡ ಇರೋದರಿಂದ ಐದು ಗುಂಡಿನ ಕ್ಲಿಪ್ಪನ್ನು ಮೇಲಿಂದ ಒಟ್ಟಿಗೆ ತಳ್ಳಿ ತುಂಬಿಸ್ಲಿಕ್ಕೆ ಆಗೋದಿಲ್ಲ, ಒಂದೊಂದಾಗಿ ಹಾಕ್ಬೇಕು, ಆ ಹುಡುಗಿಗೆ ಪ್ರಾಕ್ಟೀಸಿನಲ್ಲಿ ಹಾಗೇ ಮಾಡ್ಲಿಕ್ಕೆ ಹೇಳಿ. ಸ್ಕೋಪ್ ಚಿಕ್ಕದು ಸಾಕು, ಅವರದ್ದು ಮೂರೂವರೆ ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಕೊಳವೆ, ಈಗಿನ ಹಾಗೆ ಗೇಣುದ್ದ ದಪ್ಪದ್ದು ಮಾಡಿದ್ರೆ ನೋಡ್ಲಿಕ್ಕೆ ಆಭಾಸ ಆಗ್ತದೆ.